ಕಾಯೋತ್ಸರ್ಗ: ನೊಂದ ಜೀವಕ್ಕೆ ಅಭಯ

ಜಿನಾಲಯದ ವಾರ್ಷಿಕ ಮಹೋತ್ಸವವೆಂದರೆ ತಳಿರು ತೋರಣ, ಮಂಗಳವಾದ್ಯ, ಅಭಿಷೇಕ, ಆರಾಧನೆಗಳ ಸಂಭ್ರಮ ಮಾತ್ರವಲ್ಲ. ದೂರದೂರದ ತೋಟಗಳಲ್ಲಿ, ಪೇಟೆಗಳಲ್ಲಿ, ಪರಊರುಗಳಲ್ಲಿ ಚದುರಿಹೋದ ಶ್ರಾವಕ ಕುಟುಂಬಗಳು ವರ್ಷಕ್ಕೊಮ್ಮೆ ಒಂದೇ ಅಂಗಳದಲ್ಲಿ ಕೂಡಿ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಬಂದವರಲ್ಲಿ ಯಾರ ಮುಖ ಬಾಡಿದೆ ಎಂಬುದನ್ನು ಕಂಡುಕೊಳ್ಳುವ ಸಂದರ್ಭವೂ ಹೌದು. ಭಗವಂತನ ದರ್ಶನದೊಂದಿಗೆ ಸಾಧರ್ಮಿಗಳ ಸುಖದುಃಖದ ದರ್ಶನವೂ ಆದಾಗಲೇ ಉತ್ಸವವು ಪೂರ್ಣವಾಗುತ್ತದೆ.

ವಯನಾಡಿನ ನೆಲದಲ್ಲಿ ಬಾಡಿದ ಮುಖಗಳಿಗೆ ಈಚಿನ ವರ್ಷಗಳಲ್ಲಿ ಕಾರಣವು ಕಡಿಮೆಯಿಲ್ಲ. 2019ರ ಆಗಸ್ಟ್ 8ರಂದು ಮೇಪ್ಪಾಡಿಯ ಬಳಿಯ ಪುತ್ತುಮಲದಲ್ಲಿ ಬೆಟ್ಟ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳ ಮೇಲೆ ಮಣ್ಣು, ಬಂಡೆ, ನೀರು ಒಟ್ಟಾಗಿ ಇಳಿದು, ನಿದ್ರೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅಳಿದವರಲ್ಲಿ ಜಾತಿ, ಮತ, ಭಾಷೆಗಳ ಭೇದವಿರಲಿಲ್ಲ. ಉಳಿದವರ ದುಃಖದಲ್ಲಿಯೂ ಇಲ್ಲ. ಮಣ್ಣನ್ನು ಯಂತ್ರಗಳು ತೆಗೆದವು. ಸೇತುವೆಯನ್ನು ಸೈನಿಕರು ಕಟ್ಟಿದರು. ಆದರೆ ಬದುಕಿ ಉಳಿದವರ ಎದೆಯೊಳಗೆ ಬಿದ್ದ ಮಣ್ಣನ್ನು ತೆಗೆಯುವುದು ಯಾರ ಕರ್ತವ್ಯ?

ಇಂಥ ಒಬ್ಬ ತಾಯಿಯನ್ನು ಭಾವಿಸಬಹುದು. ಅಪಾಯದಿಂದ ಪಾರಾಗಿ ಬೇರೊಂದು ಊರಿನ ಬಾಡಿಗೆ ಮನೆಯಲ್ಲಿ ಆಕೆ ನೆಲೆಸಿದ್ದಾಳೆ. ಹಗಲು ಎಲ್ಲರಂತೆ ಅಡುಗೆ, ಪೂಜೆ, ಮೊಮ್ಮಕ್ಕಳ ಲಾಲನೆ. ರಾತ್ರಿ ಶೀಟಿನ ಮೇಲೆ ಮೊದಲ ಮಳೆಹನಿ ಬಿದ್ದೊಡನೆ ಆಕೆಯ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಉಸಿರು ಗಂಟಲಿನಲ್ಲಿಯೇ ನಿಲ್ಲುತ್ತದೆ. ಬೆಟ್ಟ ಇಲ್ಲಿಲ್ಲ, ಹೊಳೆ ಇಲ್ಲಿಲ್ಲ ಎಂದು ಬುದ್ಧಿಗೆ ಗೊತ್ತು, ಶರೀರಕ್ಕೆ ಗೊತ್ತಿಲ್ಲ. ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆನಿಲ್ಲುವ ಪವಿತ್ರವಾದ ವರ್ಷಾಯೋಗದ ಕಾಲವೇ ಆಕೆಗೆ ಭಯದ ಕಾಲವಾಗಿದೆ. ನೆಂಟರು ಬಂದು, “ಎಲ್ಲ ಕರ್ಮೋದಯ, ಅನುಭವಿಸಿಯೇ ತೀರಬೇಕು, ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ” ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಆಕೆ ತಲೆದೂಗುತ್ತಾಳೆ. ರಾತ್ರಿ ಮತ್ತೆ ಎಚ್ಚರವಾಗಿಯೇ ಇರುತ್ತಾಳೆ.

ಹೀಗೆ ಹೇಳುವುದು ಜಿನಧರ್ಮದ ಮಾತೇ ಎಂಬುದನ್ನು ಮೊದಲು ವಿಚಾರಿಸಬೇಕು. ಸುಖದುಃಖಗಳ ವೇದನೆಗೆ ವೇದನೀಯ ಕರ್ಮವು ಕಾರಣವೆಂಬುದು ಸತ್ಯ. ಆದರೆ ಅಷ್ಟಕ್ಕೇ ನಿಲ್ಲುವವನು ಕರ್ಮಸಿದ್ಧಾಂತದ ಮೊದಲ ಪುಟವನ್ನು ಓದಿ ಗ್ರಂಥವನ್ನು ಮುಚ್ಚಿದವನು. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತಗಳೆಂದೂ, ಜೀವನ ಪರಿಣಾಮವಿಶೇಷದಿಂದ ಅಸಾತಾವೇದನೀಯವು ಸಾತಾರೂಪವಾಗಿ ಸಂಕ್ರಮಿಸಬಲ್ಲುದೆಂದೂ ಕರ್ಮಗ್ರಂಥಗಳು ಹೇಳುತ್ತವೆ. ಸಂಕ್ರಮಣವೆಂಬ ಈ ಬಾಗಿಲು ಇಲ್ಲದಿದ್ದರೆ ಪುರುಷಾರ್ಥಕ್ಕೂ ಪೂಜೆಗೂ ತಪಸ್ಸಿಗೂ ಅರ್ಥವೇ ಇರುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವವನಿಗೆ ಅಸಾತಾವೇದನೀಯದ ಆಸ್ರವವಾಗುತ್ತದೆ; ಜೀವಿಗಳಲ್ಲಿ ಅನುಕಂಪೆ, ದಾನ, ಕ್ಷಮೆಗಳಿಂದ ಸಾತಾವೇದನೀಯದ ಆಸ್ರವವಾಗುತ್ತದೆ. ಹಾಗಿದ್ದ ಮೇಲೆ ನೊಂದವಳ ಮುಂದೆ ಕರ್ಮದ ಲೆಕ್ಕ ತೆರೆದಿಡುವವನು ಆಕೆಯ ಲೆಕ್ಕವನ್ನು ಓದುತ್ತಿಲ್ಲ, ತನ್ನ ಲೆಕ್ಕವನ್ನು ಬರೆಯುತ್ತಿದ್ದಾನೆ.

ಆಚಾರ್ಯರು ನೊಂದ ಮನಸ್ಸಿನ ರೀತಿಯನ್ನು ಅರಿಯದವರಲ್ಲ. ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳುವಾಗ ಇಷ್ಟವಿಯೋಗ, ಅನಿಷ್ಟಸಂಯೋಗಗಳ ಲಕ್ಷಣವಾಗಿ ಅವರು ಹೇಳಿದ್ದು ಸ್ಮೃತಿಸಮನ್ವಾಹಾರವನ್ನು, ಅಂದರೆ ನೆನಪು ಮತ್ತೆ ಮತ್ತೆ ಅದರತ್ತಲೇ ಹೋಗಿ ನಿಲ್ಲುವುದನ್ನು. ಇಂದಿನ ಮನೋವೈದ್ಯರು ಆಘಾತಾನಂತರದ ಬಳಲಿಕೆಯ ಮುಖ್ಯ ಲಕ್ಷಣವಾಗಿ ಗುರುತಿಸುವುದೂ ಇದನ್ನೇ: ಕರೆಯದೆ ಬರುವ ನೆನಪು, ಸಣ್ಣ ಸದ್ದಿಗೂ ಬೆಚ್ಚುವ ಮೈ, ಬಾರದ ನಿದ್ರೆ, ಭಯದ ಸ್ಥಳವನ್ನೂ ಮಾತನ್ನೂ ತಪ್ಪಿಸಿಕೊಳ್ಳುವ ಸ್ವಭಾವ. ಅಪಾಯ ಬಂದಾಗ ಓಡುವುದಕ್ಕೋ ಎದುರಿಸುವುದಕ್ಕೋ ಶರೀರವು ಸಿದ್ಧವಾಗುತ್ತದೆ. ಎರಡೂ ಸಾಧ್ಯವಾಗದಿದ್ದರೆ ಮರಗಟ್ಟಿ ನಿಲ್ಲುತ್ತದೆ. ಅಪಾಯ ಕಳೆದ ಮೇಲೂ ಕೆಲವರ ಶರೀರವು ಆ ಸಿದ್ಧತೆಯಿಂದ ಇಳಿದು ಬರುವುದಿಲ್ಲ. ಅದು ಹೇಡಿತನವೂ ಅಲ್ಲ, ಧರ್ಮಶ್ರದ್ಧೆಯ ಕೊರತೆಯೂ ಅಲ್ಲ. ಮೈಯಲ್ಲಿ ಮುರಿದು ಉಳಿದ ಮುಳ್ಳಿನಂತೆ, ಅದೊಂದು ಶಲ್ಯ. ಮುಳ್ಳು ಚುಚ್ಚಿದವನಿಗೆ ಧೈರ್ಯದ ಉಪದೇಶಕ್ಕಿಂತ ಮೊದಲು ಬೇಕಾದುದು ಮುಳ್ಳನ್ನು ಮೆಲ್ಲಗೆ ತೆಗೆಯುವ ಕೈ.

ಶರೀರದಲ್ಲಿ ನೆಲೆಸಿದ ಭಯವನ್ನು ಮಾತೊಂದರಿಂದಲೇ ಇಳಿಸುವುದು ಕಷ್ಟ. ಶರೀರದ ಮಾರ್ಗದಿಂದಲೂ ಅದನ್ನು ಸಮೀಪಿಸಬೇಕಾಗುತ್ತದೆ. ಶ್ರಾವಕನ ನಿತ್ಯಕ್ರಿಯೆಗಳಲ್ಲಿ ಈ ಮಾರ್ಗವು ಮೊದಲಿನಿಂದಲೂ ಅಡಗಿದೆ. ಬಸದಿಯೊಳಗೆ ಬಂದವನು ಮೂರು ಪ್ರದಕ್ಷಿಣೆ ಬರುತ್ತಾನೆ. ಸಾಮಾಯಿಕದಲ್ಲಿ ನಾಲ್ಕು ದಿಕ್ಕುಗಳಿಗೂ ತಿರುಗಿ, ಒಂದೊಂದು ದಿಕ್ಕಿನಲ್ಲಿ ಮುಗಿದ ಕೈಗಳನ್ನು ಮೂರು ಸಲ ಆವರ್ತಿಸಿ, ಒಮ್ಮೆ ತಲೆಬಾಗುತ್ತಾನೆ. ಒಟ್ಟು ಹನ್ನೆರಡು ಆವರ್ತ, ನಾಲ್ಕು ಶಿರೋನತಿ. ಮುನಿಗಳು ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನೇ ನೋಡುತ್ತಾ ಹೆಜ್ಜೆಯಿಡುತ್ತಾರೆ. ಇದರ ಮುಖ್ಯ ಪ್ರಯೋಜನ ಜೀವದಯೆ. ಆದರೆ ಹೀಗೆ ನಡೆಯುವವನ ಮನಸ್ಸು ಕಳೆದ ರಾತ್ರಿಯಲ್ಲಾಗಲಿ ಬರುವ ರಾತ್ರಿಯಲ್ಲಾಗಲಿ ಅಲೆಯಲಾರದು. ಅದು ಅಂಗಾಲಿನ ಕೆಳಗಿನ ಈ ನೆಲದಲ್ಲಿ, ಈ ಗಳಿಗೆಯಲ್ಲಿ ಇರಬೇಕಾಗುತ್ತದೆ. ನೆಲವೇ ಜಾರಿದ್ದನ್ನು ಕಂಡವರಿಗೆ, ನೆಲ ಇಲ್ಲಿದೆ, ನಿಂತಿದೆ ಎಂಬ ಅನುಭವವನ್ನು ಹೆಜ್ಜೆ ಹೆಜ್ಜೆಗೂ ಮರಳಿಸುವುದು ಸಣ್ಣ ಉಪಕಾರವಲ್ಲ.

ಈ ಕ್ರಿಯೆಗಳ ಶಿಖರವೇ ಷಡಾವಶ್ಯಕಗಳಲ್ಲಿ ಒಂದಾದ ಕಾಯೋತ್ಸರ್ಗ. ಕಾಯದ ಮಮತೆಯನ್ನು ನಿಯತಕಾಲದವರೆಗೆ ಬಿಡುವುದೇ ಕಾಯೋತ್ಸರ್ಗವಲ್ಲದೆ ಕಾಯವನ್ನು ದಂಡಿಸುವುದಲ್ಲ. ಇದರ ಕಾಲವನ್ನು ಪೂರ್ವಾಚಾರ್ಯರು ಗಳಿಗೆಬಟ್ಟಲಿನಿಂದ ಅಳೆಯಲಿಲ್ಲ, ಉಸಿರಿನಿಂದ ಅಳೆದರು. ಮೂಲಾಚಾರದ ಪ್ರಕಾರ ದೈವಸಿಕ ಪ್ರತಿಕ್ರಮಣದಲ್ಲಿ 108 ಉಚ್ಛ್ವಾಸ, ರಾತ್ರಿಕದಲ್ಲಿ ಅದರ ಅರ್ಧ 54, ಪಾಕ್ಷಿಕದಲ್ಲಿ 300, ಚಾತುರ್ಮಾಸಿಕದಲ್ಲಿ 400, ಸಾಂವತ್ಸರಿಕದಲ್ಲಿ 500. ಪಂಚನಮಸ್ಕಾರ ಮಂತ್ರದ ಮೊದಲ ಎರಡು ಪದಗಳಿಗೆ ಒಂದು ಉಸಿರು, ಮುಂದಿನ ಎರಡಕ್ಕೆ ಒಂದು, ಕೊನೆಯ ಪದಕ್ಕೆ ಒಂದು. ಹೀಗೆ ಒಂಬತ್ತು ಜಪಕ್ಕೆ 27 ಉಸಿರು. ಪ್ರತಿಯೊಬ್ಬ ಶ್ರಾವಕನೂ ಬಾಲ್ಯದಿಂದ ಬಲ್ಲ ಲೆಕ್ಕವಿದು. ಆದರೆ ಒಂಬತ್ತು ಜಪವನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಎದ್ದುಹೋಗುವ ಅಭ್ಯಾಸದಲ್ಲಿ ಉಸಿರು ಬಿಟ್ಟುಹೋಗಿದೆ, ಎಣಿಕೆ ಮಾತ್ರ ಉಳಿದಿದೆ.

ಉಸಿರೊಂದಕ್ಕೆ ಹತ್ತು ಸೆಕೆಂಡಿನಂತೆ ನಿಧಾನವಾಗಿ ನಡೆದರೆ 27 ಉಸಿರಿಗೆ ನಾಲ್ಕೂವರೆ ನಿಮಿಷ ಬೇಕು. ನಿಮಿಷಕ್ಕೆ ಸುಮಾರು ಆರು ಉಸಿರಿನ ಈ ಗತಿಯನ್ನು ವೈದ್ಯಶಾಸ್ತ್ರವೂ ಗಮನಿಸಿದೆ. 2001ರಲ್ಲಿ ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರನ್ನು ಪರೀಕ್ಷಿಸಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಬೌದ್ಧ ಮಂತ್ರವಾಗಲಿ, ಪಠಿಸುವಾಗ ಉಸಿರು ನಿಮಿಷಕ್ಕೆ ಆರರ ಸಮೀಪಕ್ಕೆ ಇಳಿಯುತ್ತದೆಂದೂ, ಹೃದಯ ಮತ್ತು ರಕ್ತದೊತ್ತಡಗಳ ಲಯವು ಅದರೊಂದಿಗೆ ಹೊಂದಿಕೊಳ್ಳುತ್ತದೆಂದೂ ಪ್ರಕಟಿಸಿದರು. ಉಸಿರು ಒಳಬರುವಾಗ ಹೃದಯದ ಬಡಿತ ತುಸು ಏರುತ್ತದೆ, ಹೊರಹೋಗುವಾಗ ತುಸು ಇಳಿಯುತ್ತದೆ. ಮೆದುಳಿನ ಬುಡದಿಂದ ಎದೆ, ಹೊಟ್ಟೆಗಳವರೆಗೆ ಇಳಿಯುವ ವೇಗಸ್ ಎಂಬ ನರವು ಈ ಇಳಿತವನ್ನು ನಡೆಸುತ್ತದೆ. ಆದ್ದರಿಂದ ನಿಃಶ್ವಾಸವು ದೀರ್ಘವಾದಷ್ಟೂ, ಅಪಾಯ ಕಳೆಯಿತು, ಇಳಿದು ಬಾ ಎಂಬ ಸಂದೇಶವು ಶರೀರಕ್ಕೆ ತಲುಪುತ್ತದೆ. ಭಯವನ್ನು ಆಜ್ಞೆಯಿಂದ ನಿಲ್ಲಿಸಲು ಯಾರಿಗೂ ಆಗದು. ಉಸಿರನ್ನು ನಿಧಾನಿಸಲು ಮಗುವಿಗೂ ಆಗುತ್ತದೆ.

ಚಲನೆ, ಉಸಿರುಗಳ ಅಭ್ಯಾಸವು ನೊಂದವರಿಗೆ ನೆರವಾದ ನಿದರ್ಶನಗಳೂ ಇವೆ. 2004ರ ಸುನಾಮಿಯ ತರುವಾಯ ಅಂಡಮಾನಿನಲ್ಲಿ ಬದುಕುಳಿದವರಿಗೆ ಒಂದು ವಾರ ಸರಳ ಅಂಗಚಾಲನೆ, ಆಸನ, ಉಸಿರಾಟ, ವಿಶ್ರಾಂತಿಗಳನ್ನು ಕಲಿಸಿದಾಗ ಭಯ, ಆತಂಕ, ದುಃಖ, ನಿದ್ರಾಭಂಗಗಳು ತಗ್ಗಿದುದನ್ನು ಶರ್ಲಿ ಟೆಲ್ಲೆಸ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. 2014ರಲ್ಲಿ ಅಮೆರಿಕದ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬಹುಕಾಲದ ಆಘಾತದಿಂದ ಬಳಲುತ್ತಿದ್ದ 64 ಮಹಿಳೆಯರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ಯೋಗಾಭ್ಯಾಸ ಮಾಡಿದವರಲ್ಲಿ ಶೇಕಡ 52 ಮಂದಿ, ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ ಶೇಕಡ 21 ಮಂದಿ ರೋಗದ ಲಕ್ಷಣಮಿತಿಯಿಂದ ಹೊರಬಂದರು. ಶೇಕಡ 52 ಎಂದರೆ ಎಲ್ಲರೂ ಅಲ್ಲ ಎಂಬುದನ್ನೂ ಮರೆಯಬಾರದು. ಜೈನ ಪರಂಪರೆಯಲ್ಲಿಯೇ ತೇರಾಪಂಥದ ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ಪ್ರೇಕ್ಷಾಧ್ಯಾನವೆಂಬ ಹೆಸರಿನಿಂದ ಕಾಯೋತ್ಸರ್ಗ, ಶ್ವಾಸಪ್ರೇಕ್ಷೆಗಳನ್ನು ಗೃಹಸ್ಥರ ನಿತ್ಯಜೀವನಕ್ಕೆ ತಂದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಉಸಿರಿನ ಸಾಧನೆಯೆಂದೊಡನೆ ಮೂಗು ಹಿಡಿದು, ಉಸಿರು ಕಟ್ಟಿ, ಕಣ್ಣು ಮುಚ್ಚಿ ಕೂರಿಸುವ ಉತ್ಸಾಹಿಗಳುಂಟು. ಮಣ್ಣಿನಡಿ ಉಸಿರು ಕಟ್ಟಿದ ಅನುಭವವುಳ್ಳವನಿಗೆ ಕುಂಭಕವು ಅದೇ ಗಳಿಗೆಯನ್ನು ಮರಳಿ ತರಬಹುದು. ಕಣ್ಣು ಮುಚ್ಚಿದರೆ ಅದೇ ಕತ್ತಲು ಕಾಣಬಹುದು. ಆಗಮದ ವಿವೇಕವು ಈ ವಿಷಯದಲ್ಲಿ ಆಶ್ಚರ್ಯಕರವಾಗಿದೆ. ಶ್ವೇತಾಂಬರ ಪರಂಪರೆಯ ಆವಶ್ಯಕ ನಿರ್ಯುಕ್ತಿಯು ಕಾಯೋತ್ಸರ್ಗದಲ್ಲಿ ಉಸಿರನ್ನು ನಿರೋಧಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಪರಂಪರೆಯ ಕಾಯೋತ್ಸರ್ಗಸೂತ್ರದಲ್ಲಿ ಶ್ವಾಸ, ನಿಃಶ್ವಾಸ, ಕೆಮ್ಮು, ಸೀನು, ಆಕಳಿಕೆ, ತಲೆಸುತ್ತು, ಅಂಗಾಂಗಗಳ ಸೂಕ್ಷ್ಮ ಚಲನೆ ಇವೆಲ್ಲ ಪ್ರತಿಜ್ಞೆಗೆ ಮೊದಲೇ ಬಿಟ್ಟುಕೊಟ್ಟ ವಿನಾಯಿತಿಗಳು. ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಪ್ರಾಣಾಯಾಮವನ್ನು ವಿಸ್ತಾರವಾಗಿ ವಿವರಿಸಿದ ಬಳಿಕ, ಪ್ರಾಣಾಯಾಮದ ಆಯಾಸದಿಂದ ಪೀಡಿತವಾದ ಮನಸ್ಸು ಸ್ವಾಸ್ಥ್ಯವನ್ನು ಪಡೆಯದೆಂದೂ ಎಚ್ಚರಿಸಿದ್ದಾರೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗಲೂ ‘ಶಕ್ತಿತಃ’ ಎಂಬ ವಿಶೇಷಣವಿದೆ: ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ.

ನಿಲ್ಲಲು ಕಾಲಿನಲ್ಲಿ ತ್ರಾಣವಿಲ್ಲದವರು ಕುಳಿತೇ ಮಾಡಬಹುದು. ಮೂಲಾಚಾರವು ಕಾಯೋತ್ಸರ್ಗವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ದೇಹವೂ ನಿಂತು ಶುಭಧ್ಯಾನವೂ ಇದ್ದರೆ ಅದು ಉತ್ಥಿತೋತ್ಥಿತ. ದೇಹ ನಿಂತಿದ್ದರೂ ಮನಸ್ಸು ಆರ್ತರೌದ್ರಗಳಲ್ಲಿ ಕುಸಿದಿದ್ದರೆ ನಿಂತೂ ಕುಳಿತಂತೆ. ದೇಹ ಕುಳಿತಿದ್ದರೂ ಧ್ಯಾನವು ಎದ್ದಿದ್ದರೆ ಕುಳಿತೂ ನಿಂತಂತೆ. ಎರಡೂ ಕುಸಿದಿದ್ದರೆ ನಾಲ್ಕನೆಯದು. ಕುರ್ಚಿಯಲ್ಲಿ ಕುಳಿತು, ಬೆನ್ನಿಗೆ ಗೋಡೆ ಕೊಟ್ಟು, ಭಯದ ನಡುವೆ ಒಂದು ಉಸಿರನ್ನು ಅರಿವಿನಿಂದ ಬಿಟ್ಟ ತಾಯಿ ಈ ಮೂರನೆಯ ಬಗೆಯವಳು. ಆಚಾರ್ಯರ ದೃಷ್ಟಿಯಲ್ಲಿ ಆಕೆ ಎದ್ದು ನಿಂತಿದ್ದಾಳೆ.

ಅಭ್ಯಾಸಕ್ರಮವು ಸರಳ. ಸಂಜೆ ದೀಪ ಹಚ್ಚಿದ ಮೇಲೆ ಅಂಗಳದಲ್ಲಾಗಲಿ ನಡುಮನೆಯಲ್ಲಾಗಲಿ ಅಂಗಾಲಿಗೆ ಗಮನ ಕೊಟ್ಟು ಮೂರು ಸುತ್ತು ನಿಧಾನವಾಗಿ ನಡೆಯುವುದು. ನಾಲ್ಕು ದಿಕ್ಕಿಗೂ ತಿರುಗಿ ಆವರ್ತ, ಶಿರೋನತಿ ಮಾಡುವುದು. ಹಾಗೆ ತಿರುಗುವಾಗ ಈ ಕೋಣೆಯ ಬಾಗಿಲು, ಕಿಟಕಿ, ಬೆಳಕುಗಳನ್ನು ಕಣ್ಣಾರೆ ಕಾಣುವುದು. ಬಳಿಕ ನಿಂತೋ ಕುಳಿತೋ, ಜಿನಬಿಂಬದಂತೆ ಕಣ್ಣನ್ನು ಅರೆತೆರೆದು, ಮೂರು ಉಸಿರಿಗೊಂದರಂತೆ ಪಂಚನಮಸ್ಕಾರವನ್ನು ಸ್ಮರಿಸುವುದು. ಬಿಡುವ ಉಸಿರು ತೆಗೆದುಕೊಳ್ಳುವ ಉಸಿರಿಗಿಂತ ತುಸು ದೀರ್ಘವಾಗಿರಲಿ. ಬಲವಂತ ಬೇಡ, ಹಿಡಿದಿಡುವುದು ಬೇಡ. 27 ಆಗದಿದ್ದರೆ ಒಂಬತ್ತು, ಒಂಬತ್ತೂ ಆಗದಿದ್ದರೆ ಮೂರು. ಮಧ್ಯದಲ್ಲಿ ಭಯ ಏರಿದರೆ ನಿಲ್ಲಿಸಿ, ಕಣ್ಣು ತೆರೆದು, ಪಕ್ಕದಲ್ಲಿರುವವರ ಹೆಸರು ಹಿಡಿದು ಕರೆಯಬೇಕು. ಅದು ವ್ರತಭಂಗವಲ್ಲ.

‘ಪಕ್ಕದಲ್ಲಿರುವವರ’ ಎಂಬ ಮಾತು ಇಲ್ಲಿ ಮುಖ್ಯ. ಕಾಯೋತ್ಸರ್ಗವೆಂದೊಡನೆ ಎಲ್ಲರ ಕಣ್ಣ ಮುಂದೆ ಬರುವವನು ಭಗವಾನ್ ಬಾಹುಬಲಿ. ಶ್ರವಣಬೆಳಗೊಳದಲ್ಲಿ, ಕಾರ್ಕಳದಲ್ಲಿ, ವೇಣೂರಿನಲ್ಲಿ, ಗಡಿಯಾಚೆ ಕುಂಭೋಜದಲ್ಲಿ ಅವನು ಬಳ್ಳಿ ಸುತ್ತಿದ ಮೈಯಿಂದ ನಿಂತಿದ್ದಾನೆ. ಒಂದು ವರ್ಷ ನಿಶ್ಚಲನಾಗಿ ನಿಂತ ಆ ಮಹಾತ್ಮನಿಗೂ ಕೇವಲಜ್ಞಾನವು ಕೂಡಲೆ ಆಗಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಒಂದು ಎಳೆ ಅವನ ಹೃದಯದಲ್ಲಿ ಉಳಿದಿತ್ತು. ಭರತ ಚಕ್ರವರ್ತಿ ತಾನೇ ಬಂದು ಪೂಜಿಸಿದಾಗ ಆ ಎಳೆ ಕಡಿಯಿತು. ಶ್ವೇತಾಂಬರ ಪರಂಪರೆಯ ಕಥೆಯಲ್ಲಿ ಸಹೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು, ಆನೆಯಿಂದ ಇಳಿಯೆಂದು ನುಡಿದರು; ಮಾನವೆಂಬ ಆನೆ ಅದೆಂದು ಅರಿತು, ತನಗಿಂತ ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ವಂದಿಸಲು ಅವನು ಹೆಜ್ಜೆಯೆತ್ತಿದ ಗಳಿಗೆಯಲ್ಲಿ ಕೇವಲಜ್ಞಾನವಾಯಿತು. ಎರಡು ಪರಂಪರೆಗಳ ಕಥೆ ಬೇರೆಯಾದರೂ ಒಂದು ವಿಷಯ ಎರಡರಲ್ಲಿಯೂ ಸಮಾನ: ಒಡಹುಟ್ಟಿದವರು ಬಂದರು. ಬಾಹುಬಲಿಯಂಥ ಬಲ್ಲಿದನ ಬಳಿಗೂ ಯಾರಾದರೂ ನಡೆದು ಬರಬೇಕಾಯಿತೆಂದರೆ, ಶೀಟಿನ ಮೇಲಿನ ಮಳೆಗೆ ನಡುಗುವ ತಾಯಿಯನ್ನು ಒಬ್ಬಳೇ ಮನಸ್ಸು ಗಟ್ಟಿ ಮಾಡಿಕೋ ಎನ್ನುವ ಅಧಿಕಾರ ಯಾರಿಗಿದೆ?

ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಸ್ಥಿತಿಕರಣ. ಹಸುವು ಕರುವನ್ನು ಪ್ರೀತಿಸುವಂತೆ ಸಾಧರ್ಮಿಗಳನ್ನು ಪ್ರೀತಿಸುವುದು ವಾತ್ಸಲ್ಯ. ಚತುರ್ವಿಧ ದಾನಗಳಲ್ಲಿ ಆಹಾರದಾನಕ್ಕೆ ಉತ್ಸವದಲ್ಲಿ ಕೊರತೆಯಿಲ್ಲ, ಶಾಸ್ತ್ರದಾನವೂ ನಡೆಯುತ್ತದೆ. ಔಷಧದಾನ, ಅಭಯದಾನಗಳನ್ನು ಈ ನೋವಿಗೂ ವಿಸ್ತರಿಸಬೇಕಾಗಿದೆ. ವಾರಗಟ್ಟಲೆ ನಿದ್ರೆಯಿಲ್ಲದವರನ್ನು, ಊಟ ಬಿಟ್ಟವರನ್ನು, ಕುಡಿತಕ್ಕೆ ಬಿದ್ದವರನ್ನು, ಬದುಕು ಸಾಕೆನ್ನುವವರನ್ನು ಕಾಯೋತ್ಸರ್ಗ ಮಾಡಿರೆಂದು ಹೇಳಿ ಕೈಬಿಡಬಾರದು. ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು, ಕೊಟ್ಟ ಮಾತ್ರೆಯನ್ನು ಬಿಡದಂತೆ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಕರೆಮಾಡಬಹುದು. ಉಸಿರಿನ ಅಭ್ಯಾಸವು ಔಷಧಕ್ಕೆ ಸಂಗಾತಿಯೇ ಹೊರತು ಪ್ರತಿಸ್ಪರ್ಧಿಯಲ್ಲ.

ಜಿನಾಲಯಕ್ಕೆ ಬರುವ ಕುಟುಂಬಗಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮಲಯಾಳ, ಕೆಲವರದು ತುಳು, ಗುಜರಾತಿ. ಅಜ್ಜಿಯ ಕನ್ನಡವು ಮೊಮ್ಮಗಳಿಗೆ ಅರ್ಧ ತಿಳಿಯುತ್ತದೆ; ಮೊಮ್ಮಗಳ ಮಲಯಾಳವು ಅಜ್ಜಿಗೆ ಅರ್ಧ. ಆದರೆ ಪಂಚನಮಸ್ಕಾರದ ಪ್ರಾಕೃತವು ಇಂದು ಯಾರ ಮನೆಮಾತೂ ಅಲ್ಲವಾದುದರಿಂದ ಎಲ್ಲರ ಮನೆಮಾತಾಗಿದೆ; ಉಸಿರಿಗಂತೂ ಭಾಷೆಯೇ ಇಲ್ಲ. ಸಾಂತ್ವನಕ್ಕೆ ಮಾತು ಸಿಗದ ರಾತ್ರಿಯಲ್ಲಿ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, ಕೈಹಿಡಿದು, ಜೊತೆಯಲ್ಲಿ 27 ಉಸಿರು ಎಣಿಸಿದರೆ ಸಾಕು. ಹೊರಗೆ ಮಳೆ ಸುರಿಯುತ್ತಲೇ ಇರಲಿ, ಒಳಗೆ ಅದೊಂದು ಅಭಯದಾನವಾಗುತ್ತದೆ.

ಈ ವರ್ಷದ ಮಹೋತ್ಸವಕ್ಕೆ ಬಂದ ಪ್ರತಿಯೊಂದು ಕುಟುಂಬವೂ ಊರಿಗೆ ಮರಳುವ ಮೊದಲು ಬಾಡಿದ ಒಂದು ಮುಖವನ್ನು ಗುರುತಿಸಲಿ. ಮುಂದಿನ ಮಳೆಗಾಲದ ಮೊದಲ ಮಳೆಯ ಸಂಜೆ ಆ ಮನೆಯ ಬಾಗಿಲಿಗೆ ಭರತನಂತೆ, ಬ್ರಾಹ್ಮಿ ಸುಂದರಿಯರಂತೆ ನಡೆದು ಹೋಗಲಿ. ಉಪದೇಶ ಬೇಡ, ಪಕ್ಕದಲ್ಲಿ ಒಂದು ಚಾಪೆ, ಒಂಬತ್ತು ಜಪ, ನಿಧಾನದ ಉಸಿರು ಸಾಕು. ಸಮಸ್ತ ಜೀವಿಗಳಿಗೂ ಅಭಯವಾಗಲಿ.

ಜೈ ಜಿನೇಂದ್ರ.